ನಾವಿಕನ ನಿದ್ದೆ, ಕಡಲಿನ ಆರೋಗ್ಯ

(ಮಲೆನಾಡು ಹಾಗೂ ಕರಾವಳಿಯ ಪರಿಸರ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಕಾಡು, ಗುಡ್ಡ, ಹೊಳೆಗಳ ಮಾತೇ ಹೆಚ್ಚಾಗಿ ನಡೆಯುವ ವೇದಿಕೆಯಲ್ಲಿ ಹಡಗಿನ ವಿಷಯವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಹೊಳೆಗಳಲ್ಲಿಯೇ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಮೇಲಿನಿಂದ ಹರಿದು ಕಡಲು ಸೇರುವ ಜಾಗದಲ್ಲಿ ಅಳಿವೆಗಳಿವೆ. ಅಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಉಬ್ಬರದ ವೇಳೆ ಕಡಲಿನ ನೀರು ಮೈಲುಗಟ್ಟಲೆ ಒಳಕ್ಕೆ ಏರಿಬರುತ್ತದೆ. ಆ ನೀರಿನ ಜೊತೆಯಲ್ಲಿ ಮೀನಿನ ಮರಿಗಳು ಬರುತ್ತವೆ, ಸೀಗಡಿ ಬರುತ್ತದೆ. ಕಡಲಿನಲ್ಲಿ ಎಣ್ಣೆ ಚೆಲ್ಲಿದ್ದರೆ ಎಣ್ಣೆಯೂ ಬರುತ್ತದೆ. ಅಘನಾಶಿನಿಯ ಕೆಸರಿನಲ್ಲಿ ಬೆಳಚು ಆಯ್ದು ಬದುಕುವ ಹೆಂಗಸರಿಗೆ, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವ ರೈತರಿಗೆ, ಕಾಂಡ್ಲಾ ಗಿಡಗಳ ಬೇರಿನ ನಡುವೆ ಬದುಕುವ ಏಡಿಗಳಿಗೆ, ದೂರದ ಹಡಗೊಂದರ ಇಂಜಿನ್ ಕೋಣೆಯಲ್ಲಿ ಯಾರೋ ಒಬ್ಬ ಮಾಡಿದ ತಪ್ಪಿನ ಬೆಲೆ ತೆರಬೇಕಾಗಿ ಬರುತ್ತದೆ.

ಕರ್ನಾಟಕದ ಕರಾವಳಿ ಈ ಅನುಭವಕ್ಕೆ ಹೊರತಲ್ಲ. 2006ರ ಮೇ ತಿಂಗಳ ಕೊನೆಯಲ್ಲಿ, ಮುಂಗಾರು ಕಾಲಿಡುತ್ತಿದ್ದ ಹೊತ್ತಿನಲ್ಲಿ, ಪನಾಮಾ ಧ್ವಜದ 'ಓಷನ್ ಸೆರಾಯ' ಎಂಬ ಸರಕು ಹಡಗು ಕಾರವಾರದ ಎದುರಿನ ದ್ವೀಪದ ಬಂಡೆಗೆ ಬಡಿದು ಸಿಕ್ಕಿಕೊಂಡಿತು. ಅದು ತೈಲ ಸಾಗಿಸುವ ಟ್ಯಾಂಕರ್ ಅಲ್ಲ. ಆದರೂ ತನ್ನ ಇಂಜಿನ್ನಿಗಾಗಿ ನೂರಾರು ಟನ್ ಫರ್ನೇಸ್ ಎಣ್ಣೆಯನ್ನು ಅದು ಹೊತ್ತಿತ್ತು. ಮಳೆಗಾಲದ ಅಲೆಗಳ ನಡುವೆ ಎಣ್ಣೆಯನ್ನು ಹೊರತೆಗೆಯುವುದು ದುಸ್ತರವಾಯಿತು. ಹಡಗು ಒಡೆಯಿತು. ಕಪ್ಪು ಜಿಡ್ಡು ಕಾರವಾರದ ಮರಳಿಗೂ ದಕ್ಷಿಣ ಗೋವಾದ ದಂಡೆಗೂ ಬಂದು ಬಿತ್ತು. ಇಂಥ ಅಪಘಾತಗಳಿಲ್ಲದ ವರ್ಷಗಳಲ್ಲಿಯೂ ಮುಂಗಾರಿಗೆ ಸ್ವಲ್ಪ ಮೊದಲು ಈ ದಂಡೆಗಳಲ್ಲಿ ನಡೆಯುವವರ ಅಂಗಾಲಿಗೆ ಟಾರಿನ ಕಪ್ಪು ಉಂಡೆಗಳು ಅಂಟಿಕೊಳ್ಳುತ್ತವೆ. ಎಲ್ಲೋ ದೂರದಲ್ಲಿ ಕಡಲಿಗೆ ಸೇರಿದ ಎಣ್ಣೆ ಬಿಸಿಲಿಗೆ, ಅಲೆಗೆ ಗಟ್ಟಿಯಾಗಿ ದಡ ಸೇರುವ ಪರಿ ಅದು.

ಈ ಉಪನ್ಯಾಸದ ಉದ್ದೇಶ ಒಂದು ಸರಳ ವಿಚಾರವನ್ನು ಮುಂದಿಡುವುದು. ಕಡಲಿನ ಎಣ್ಣೆ ಮಾಲಿನ್ಯದ ಮಾತು ಬಂದಾಗ ಸಾಮಾನ್ಯವಾಗಿ ಚರ್ಚೆ ನಡೆಯುವುದು ಚೆಲ್ಲಿದ ಎಣ್ಣೆಯನ್ನು ಎತ್ತುವುದು ಹೇಗೆ, ಪರಿಹಾರ ಎಷ್ಟು ಎಂಬುದರ ಸುತ್ತ. ಎಣ್ಣೆ ಚೆಲ್ಲದಂತೆ ತಡೆಯುವ ಕೆಲಸ ನಡೆಯಬೇಕಾದದ್ದು ಹಡಗಿನ ಒಳಗೆ, ಅಲ್ಲಿ ದುಡಿಯುವ ಇಪ್ಪತ್ತು ಇಪ್ಪತ್ತೈದು ಮಂದಿಯ ಕೈಯಲ್ಲಿ. ಅವರಿಗೆ ತಕ್ಕ ತರಬೇತಿ ದೊರೆತಿದೆಯೇ, ಸಾಕಷ್ಟು ನಿದ್ದೆ ದೊರೆಯುತ್ತಿದೆಯೇ, ತಪ್ಪು ಕಂಡಾಗ ಬಾಯಿಬಿಟ್ಟು ಹೇಳುವ ಧೈರ್ಯಕ್ಕೆ ರಕ್ಷಣೆ ಇದೆಯೇ ಎಂಬ ಮೂರು ಪ್ರಶ್ನೆಗಳ ಮೇಲೆ ಕಡಲಿನ ಆರೋಗ್ಯ ನಿಂತಿದೆ.

ಬಂಡೆಗೆ ಬಡಿದ ಮೂರು ಹಡಗುಗಳು

1989ರ ಮಾರ್ಚ್ 24ರ ನಡುರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ 'ಎಕ್ಸಾನ್ ವಾಲ್ಡೀಜ್' ಎಂಬ ಟ್ಯಾಂಕರ್ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಲ್ಲಿ ಬಂಡೆಯ ಮೇಲೇರಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಕಡಲಿಗೆ ಹರಿಯಿತು. ಎರಡು ಸಾವಿರ ಕಿಲೋಮೀಟರಿನಷ್ಟು ಉದ್ದದ ದಂಡೆ ಮಲಿನವಾಯಿತು. ಎರಡೂವರೆ ಲಕ್ಷದಷ್ಟು ಕಡಲಹಕ್ಕಿಗಳು ಸತ್ತವೆಂದು ಅಂದಾಜು ಮಾಡಲಾಯಿತು. ಕ್ಯಾಪ್ಟನ್ ಮದ್ಯ ಸೇವಿಸಿದ್ದನೆಂಬ ಸುದ್ದಿಯೇ ಜಗತ್ತಿನ ಪತ್ರಿಕೆಗಳನ್ನು ತುಂಬಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ತನಿಖೆ ನಡೆಸಿದಾಗ ಅದಷ್ಟೇ ಕಾರಣವಾಗಿ ಕಾಣಲಿಲ್ಲ. ಹಡಗನ್ನು ನಡೆಸುತ್ತಿದ್ದ ಮೂರನೆಯ ಅಧಿಕಾರಿ ದಣಿವು ಮತ್ತು ಅತಿಯಾದ ಕೆಲಸದ ಹೊರೆಯಿಂದಾಗಿ ಹಡಗನ್ನು ಸಕಾಲದಲ್ಲಿ ತಿರುಗಿಸಲಾರದೆ ಹೋದ. ವಿಶ್ರಾಂತಿ ಪಡೆದ, ಸಾಕಷ್ಟು ಸಂಖ್ಯೆಯ ಸಿಬ್ಬಂದಿಯನ್ನು ಕಂಪನಿ ಒದಗಿಸಿರಲಿಲ್ಲ. ದಡದಿಂದ ಹಡಗಿನ ಸಂಚಾರವನ್ನು ಗಮನಿಸಬೇಕಾದ ವ್ಯವಸ್ಥೆಯೂ ದುರ್ಬಲವಾಗಿತ್ತು. ಮಂಡಳಿ ಇವೆಲ್ಲವನ್ನೂ ಕ್ಯಾಪ್ಟನ್ನನ ಮದ್ಯದ ಜೊತೆಗೇ ಸಂಭಾವ್ಯ ಕಾರಣಗಳೆಂದು ದಾಖಲಿಸಿತು. ಅಂದರೆ ಕೊರತೆ ಒಬ್ಬ ಮನುಷ್ಯನಲ್ಲಿ ಮಾತ್ರ ಇರಲಿಲ್ಲ.

ಎರಡನೆಯದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನಲ್ಲಿ ನಡೆದದ್ದು. 2010ರ ಏಪ್ರಿಲ್ 3ರಂದು ಕಲ್ಲಿದ್ದಲು ಹೊತ್ತ 'ಶೆನ್ ನೆಂಗ್ 1' ಎಂಬ ಚೀನೀ ಹಡಗು ಡಗ್ಲಾಸ್ ದಿಬ್ಬದ ಮೇಲೇರಿತು. ಪಹರೆಯಲ್ಲಿದ್ದ ಮುಖ್ಯ ಅಧಿಕಾರಿ ಅದಕ್ಕೆ ಹಿಂದಿನ ಮೂವತ್ತೆಂಟೂವರೆ ಗಂಟೆಗಳಲ್ಲಿ ನಿದ್ರಿಸಿದ್ದು ಎರಡೂವರೆ ಗಂಟೆ ಮಾತ್ರ ಎಂದು ಅಲ್ಲಿನ ತನಿಖಾ ಸಂಸ್ಥೆ ಕಂಡುಕೊಂಡಿತು. ಬಂದರಿನಲ್ಲಿ ಸರಕು ತುಂಬುವ ಕೆಲಸವನ್ನು ಹಗಲೂ ರಾತ್ರಿಯೂ ನೋಡಿಕೊಂಡು, ವಿಶ್ರಾಂತಿಯಿಲ್ಲದೆ ನೇರವಾಗಿ ಪಹರೆಗೆ ನಿಂತ ಮನುಷ್ಯ ಅವನು. ಕಡಲಿಗೆ ಹರಿದ ಎಣ್ಣೆ ನಾಲ್ಕು ಟನ್ನಿನಷ್ಟೇ ಇದ್ದರೂ ಹವಳದ ಮೇಲೆ ಸುಮಾರು ಮೂರು ಕಿಲೋಮೀಟರ್ ಉದ್ದದ ಗಾಯವಾಯಿತು.

ಮೂರನೆಯದು ಮಾರಿಷಸ್ಸಿನದು. 2020ರ ಜುಲೈ 25ರಂದು 'ವಾಕಾಶಿಯೊ' ಎಂಬ ಬೃಹತ್ ಸರಕು ಹಡಗು ಆ ದ್ವೀಪದ ಆಗ್ನೇಯ ಅಂಚಿನ ಹವಳದ ದಿಬ್ಬಕ್ಕೆ ಬಡಿಯಿತು. ಹನ್ನೆರಡು ದಿನಗಳ ನಂತರ ಅದರ ಇಂಧನದ ತೊಟ್ಟಿ ಒಡೆದು ಸುಮಾರು ಸಾವಿರ ಟನ್ ಎಣ್ಣೆ ನೀಲಿ ನೀರಿಗೆ ಸೇರಿತು. ದ್ವೀಪದಿಂದ 22 ನಾಟಿಕಲ್ ಮೈಲು ದೂರದಲ್ಲಿ ಸಾಗಬೇಕಿದ್ದ ದಾರಿಯನ್ನು ಮೊದಲು 5 ಮೈಲಿಗೆ, ಆ ದಿನ 2 ಮೈಲಿಗೆ ಹತ್ತಿರ ತರಲಾಗಿತ್ತು. ಕಾರಣ, ಮೊಬೈಲ್ ಫೋನಿನ ಸಂಕೇತ ಸಿಗಲಿ ಎಂಬುದು. ಆ ಸಮೀಪದ ನೀರಿಗೆ ಬೇಕಾದ ವಿವರವಾದ ನಕ್ಷೆ ಹಡಗಿನಲ್ಲಿ ಬಳಕೆಯಲ್ಲಿರಲಿಲ್ಲ. ಅದು ಕೋವಿಡ್ ಕಾಲ. ಬಂದರುಗಳು ಬಾಗಿಲು ಮುಚ್ಚಿದ್ದರಿಂದ ಆ ವರ್ಷ ಜಗತ್ತಿನಲ್ಲಿ ಸುಮಾರು ನಾಲ್ಕು ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಮನೆಗೆ ಹೋಗಲಾರದೆ ಹಡಗುಗಳಲ್ಲಿ ಸಿಲುಕಿದ್ದರು. ಮನೆಯವರ ದನಿ ಕೇಳಬೇಕೆಂಬ ಹಂಬಲವನ್ನು ಅಪರಾಧವೆನ್ನಲಾಗದು. ಆದರೆ ಆ ಹಂಬಲವನ್ನು ತೀರಿಸಲು ಹಡಗನ್ನೇ ದಡದ ಕಡೆಗೆ ತಿರುಗಿಸಬೇಕಾದ ಸ್ಥಿತಿ ಇತ್ತು. ತಿರುಗಿಸಬಾರದೆಂದು ಹೇಳುವ ಒಬ್ಬನೂ ಆ ಹಡಗಿನಲ್ಲಿ ಮುಂದೆ ಬರಲಿಲ್ಲ. ಮಾರಿಷಸ್ಸಿನ ಜನ ಕಬ್ಬಿನ ತರಗನ್ನು ಬಟ್ಟೆಯ ಚೀಲಗಳಿಗೆ ತುಂಬಿ, ಹೊಲಿದು, ಎಣ್ಣೆಗೆ ಅಡ್ಡಲಾಗಿ ತೇಲಿಬಿಟ್ಟರು. ಕ್ಯಾಪ್ಟನ್ ಮತ್ತು ಮೊದಲ ಅಧಿಕಾರಿಗೆ 2021ರ ಡಿಸೆಂಬರಿನಲ್ಲಿ ಇಪ್ಪತ್ತು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಕ್ಯಾಪ್ಟನ್ ಭಾರತೀಯ.

ಈ ಮೂರು ಘಟನೆಗಳಲ್ಲಿ ಇಂಜಿನ್ ಕೆಟ್ಟಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ದಣಿದ, ಒಂಟಿಯಾದ, ಎದುರುತ್ತರ ಕೊಡುವ ಅಭ್ಯಾಸವಿಲ್ಲದ ಮನುಷ್ಯರು ಮಾತ್ರ ಇದ್ದರು.

ಕಾನೂನು ಹುಟ್ಟಿದ ಬಗೆ

ಕಡಲಿನ ಕಾನೂನುಗಳು ಬಹುಪಾಲು ಎಣ್ಣೆ ಚೆಲ್ಲಿದ ನಂತರವೇ ಬರೆಯಲ್ಪಟ್ಟವು. 1967ರ ಮಾರ್ಚ್ 18ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಬಳಿ 'ಟೋರಿ ಕ್ಯಾನಿಯನ್' ಬಂಡೆಗೆ ಬಡಿದಾಗ ಅದರಲ್ಲಿ ಸುಮಾರು 1,19,000 ಟನ್ ಕಚ್ಚಾ ತೈಲವಿತ್ತು. ಉಬ್ಬರದ ಹೊತ್ತಿಗೆ ಬಂದರು ಸೇರುವ ಅವಸರದಲ್ಲಿ ಹತ್ತಿರದ ದಾರಿ ಹಿಡಿದದ್ದು ಅಪಘಾತಕ್ಕೆ ಮೂಲ. ಬ್ರಿಟಿಷ್ ಸರಕಾರ ಹಡಗಿನ ಮೇಲೆ ಬಾಂಬು ಹಾಕಿ ಎಣ್ಣೆಯನ್ನು ಸುಡಲು ಯತ್ನಿಸಿತು. ದಡದ ಮೇಲೆ ಸುರಿದ ಮಾರ್ಜಕಗಳು ಎಣ್ಣೆಗಿಂತಲೂ ಹೆಚ್ಚಾಗಿ ಕಡಲಜೀವಿಗಳನ್ನು ಕೊಂದವು. ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ, 'ಮಾರ್ಪೋಲ್' ಎಂದು ಕರೆಯಲ್ಪಡುವ ಅಂತರರಾಷ್ಟ್ರೀಯ ಒಪ್ಪಂದ 1973ರಲ್ಲಿ ರೂಪುಗೊಳ್ಳಲು ಆ ದುರಂತವೇ ಪ್ರೇರಣೆ. 1978ರಲ್ಲಿ ತಿದ್ದುಪಡಿಯಾಗಿ 1983ರಲ್ಲಿ ಅದು ಜಾರಿಗೆ ಬಂದಿತು. ನಾವಿಕರ ತರಬೇತಿ, ಪ್ರಮಾಣಪತ್ರ ಹಾಗೂ ಪಹರೆಯ ಮಾನದಂಡಗಳ ಒಪ್ಪಂದವೂ 1978ರದೇ. 1995ರಲ್ಲಿಯೂ 2010ರಲ್ಲಿ ಮನಿಲಾದಲ್ಲಿಯೂ ಅದನ್ನು ಬಿಗಿಗೊಳಿಸಲಾಯಿತು. ಹಡಗಿನ ತಪ್ಪಿಗೆ ದಡದ ಮೇಲಿನ ಕಂಪನಿಯೂ ಹೊಣೆ ಎಂದು ಸಾರುವ ಸುರಕ್ಷಾ ನಿರ್ವಹಣಾ ಸಂಹಿತೆ 1998ರಿಂದ ಟ್ಯಾಂಕರುಗಳಿಗೆ ಅನ್ವಯವಾಯಿತು. ನಾವಿಕರ ಹಕ್ಕುಗಳ ಸನ್ನದು ಎನ್ನಬಹುದಾದ ಕಡಲ ಕಾರ್ಮಿಕ ಒಪ್ಪಂದ 2006ರಲ್ಲಿ ಅಂಗೀಕಾರಗೊಂಡು 2013ರಲ್ಲಿ ಜಾರಿಗೆ ಬಂದಿತು.

ಇವುಗಳಿಂದ ಪ್ರಯೋಜನವಾಗಿಲ್ಲವೆಂದು ಹೇಳುವುದು ಅನ್ಯಾಯ. ಟ್ಯಾಂಕರ್ ಮಾಲೀಕರ ಅಂತರರಾಷ್ಟ್ರೀಯ ಮಾಲಿನ್ಯ ಒಕ್ಕೂಟದ ಲೆಕ್ಕದಂತೆ, ಏಳುನೂರು ಟನ್ನಿಗಿಂತ ಹೆಚ್ಚು ಎಣ್ಣೆ ಚೆಲ್ಲಿದ ಟ್ಯಾಂಕರ್ ಅಪಘಾತಗಳು 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 24ಕ್ಕೂ ಮಿಕ್ಕಿದ್ದವು. 2010ರ ದಶಕದಲ್ಲಿ ಅವು ವರ್ಷಕ್ಕೆ ಎರಡಕ್ಕೂ ಕಡಿಮೆಯಾದವು. ಈ ಅವಧಿಯಲ್ಲಿ ಸಮುದ್ರದ ಮೇಲೆ ಸಾಗುವ ತೈಲ ಕಡಿಮೆಯಾಗಿರಲಿಲ್ಲ, ಹೆಚ್ಚಿತ್ತು. ಎರಡು ಪದರದ ಹಡಗಿನ ಒಡಲು, ಉಪಗ್ರಹ ಆಧಾರಿತ ಸಂಚಾರ ವ್ಯವಸ್ಥೆ, ಬಂದರಿನ ತಪಾಸಣೆ, ತರಬೇತಿ ಎಲ್ಲವೂ ಸೇರಿ ಈ ಫಲ ಕೊಟ್ಟಿವೆ. ಮನಸ್ಸು ಮಾಡಿದರೆ ಮಾಲಿನ್ಯ ತಡೆಯಬಹುದು ಎಂಬುದಕ್ಕೆ ಪರಿಸರ ಚಳವಳಿಗೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ದೊರೆಯುವುದು ಅಪರೂಪ.

ಆದರೆ ದೊಡ್ಡ ಟ್ಯಾಂಕರುಗಳು ಸುಧಾರಿಸಿದ ಮಾತ್ರಕ್ಕೆ ಅಪಾಯ ಕಳೆದಿಲ್ಲ. 2025ರ ಮೇ 25ರಂದು 'ಎಂಎಸ್‌ಸಿ ಎಲ್ಸಾ 3' ಎಂಬ ಕಂಟೇನರ್ ಹಡಗು ಕೊಚ್ಚಿಯ ಎದುರಿನ ಕಡಲಿನಲ್ಲಿ ಮುಳುಗಿತು. ಅದರಲ್ಲಿ 640 ಕಂಟೇನರುಗಳು, 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್ ಇದ್ದವು. 24 ಮಂದಿ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ರಕ್ಷಿಸಿದವು. ಕೇರಳದ ದಂಡೆಗಳಿಗೆ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳು ರಾಶಿರಾಶಿಯಾಗಿ ಬಂದು ಬಿದ್ದವು. ಹದಿನೈದು ದಿನ ಕಳೆಯುವುದರೊಳಗೆ, ಜೂನ್ 9ರಂದು, ಕಣ್ಣೂರಿನ ಎದುರು 'ವಾನ್ ಹೈ 503' ಹಡಗಿಗೆ ಬೆಂಕಿ ಬಿದ್ದು ನಾಲ್ವರು ನಾವಿಕರು ಕಾಣೆಯಾದರು. ಕರ್ನಾಟಕದ ದಂಡೆ ಆ ಜಾಗಗಳಿಗೆ ದೂರವಲ್ಲ.

ಇಂಧನ ತುಂಬುವ ಒಂದು ರಾತ್ರಿ

ತರಬೇತಿ ಎಂಬ ಪದ ಒಣ ಪದವಾಗಿ ಕೇಳುತ್ತದೆ. ಅದರ ಅರ್ಥವನ್ನು ತಿಳಿಯಲು ಹಡಗಿಗೆ ಇಂಧನ ತುಂಬುವ ಕೆಲಸವನ್ನು ಗಮನಿಸಬಹುದು. ಬಂದರಿನಲ್ಲಿ ಸಣ್ಣಪುಟ್ಟ ಚೆಲ್ಲುವಿಕೆಗಳು ಹೆಚ್ಚಾಗಿ ಸಂಭವಿಸುವುದು ಈ ಕೆಲಸದ ವೇಳೆಯಲ್ಲಿ.

ಎಣ್ಣೆಯ ದೋಣಿ ಹಡಗಿನ ಮಗ್ಗುಲಿಗೆ ಬಂದು ನಿಲ್ಲುವ ಮೊದಲೇ ಕೆಲಸ ಆರಂಭವಾಗಬೇಕು. ಡೆಕ್ಕಿನ ಮೇಲಿನ ಮಳೆನೀರು ಹೊರಹೋಗಲು ಅಂಚಿನಲ್ಲಿ ತೂತುಗಳಿರುತ್ತವೆ. ಅವೆಲ್ಲವನ್ನೂ ಬಿರಡೆಯಿಂದ ಮುಚ್ಚಬೇಕು. ಒಂದನ್ನು ಮರೆತರೂ ಡೆಕ್ಕಿನ ಮೇಲೆ ಚೆಲ್ಲಿದ ಎಣ್ಣೆ ನೇರವಾಗಿ ಕಡಲಿಗೆ ಹೋಗುತ್ತದೆ. ಕೊಳವೆಗಳು ಕೂಡುವ ಜಾಗದ ಕೆಳಗೆ ತಟ್ಟೆಗಳನ್ನು ಇಡಬೇಕು. ಮರದ ಹೊಟ್ಟು, ಹೀರುವ ಬಟ್ಟೆ ಕೈಗೆಟಕುವಂತಿರಬೇಕು. ಯಾವ ತೊಟ್ಟಿಯಲ್ಲಿ ಈಗ ಎಷ್ಟು ಎಣ್ಣೆ ಇದೆ, ಎಷ್ಟು ಹಿಡಿಸುತ್ತದೆ ಎಂಬುದನ್ನು ಅಳತೆಪಟ್ಟಿ ಇಳಿಸಿ ಕೈಯಾರೆ ಅಳೆಯಬೇಕು. ಗಂಟೆಗೆ ಎಷ್ಟು ಟನ್ ಹರಿಸಬೇಕು, ನಿಲ್ಲಿಸು ಎಂಬುದಕ್ಕೆ ಸಂಕೇತವೇನು ಎಂಬುದನ್ನು ದೋಣಿಯವರೂ ಹಡಗಿನವರೂ ಬರಹದಲ್ಲಿ ಒಪ್ಪಿಕೊಳ್ಳಬೇಕು. ಇಬ್ಬರ ಭಾಷೆ ಬೇರೆಯಾಗಿದ್ದರೆ ಇದು ಇನ್ನಷ್ಟು ಮುಖ್ಯ. ಮೊದಲು ನಿಧಾನವಾಗಿ ಹರಿಸಿ, ಕೊಳವೆ ಸೋರುತ್ತಿಲ್ಲವೆಂದು ಖಚಿತವಾದ ಮೇಲೆ ವೇಗ ಹೆಚ್ಚಿಸಬೇಕು. ತೊಟ್ಟಿ ತುಂಬುತ್ತ ಬಂದಾಗ ಮತ್ತೆ ವೇಗ ತಗ್ಗಿಸಬೇಕು. ತುಂಬಿದ ತೊಟ್ಟಿಯ ಕವಾಟ ಮುಚ್ಚುವ ಮೊದಲು ಮುಂದಿನ ತೊಟ್ಟಿಯ ಕವಾಟ ತೆರೆದಿರಬೇಕು.

ಇದರಲ್ಲಿ ಕಷ್ಟದ ವಿದ್ಯೆ ಯಾವುದೂ ಇಲ್ಲ. ಆದರೆ ಈ ಕೆಲಸ ನಡೆಯುವುದು ಹಲವು ಬಾರಿ ನಡುರಾತ್ರಿಯಲ್ಲಿ. ಹಡಗು ಅಂದೇ ಬಂದರಿಗೆ ಬಂದಿರುತ್ತದೆ. ತಪಾಸಣೆಯವರು, ಸುಂಕದವರು, ಸಾಮಗ್ರಿ ತರುವವರು ಬಂದು ಹೋಗಿರುತ್ತಾರೆ. ಇಂಜಿನಿಯರ್ ಹಿಂದಿನ ರಾತ್ರಿ ನಿದ್ರಿಸಿರುವುದಿಲ್ಲ. ಬೆಳಗಾಗುವುದರೊಳಗೆ ಹಡಗು ಹೊರಡಬೇಕು, ಏಕೆಂದರೆ ಒಂದು ದಿನದ ವಿಳಂಬಕ್ಕೆ ತೆರಬೇಕಾದ ಹಣ ಅಪಾರ. ಆಗ ಕವಾಟದ ಬಳಿ ನಿಲ್ಲಬೇಕಾದವನು ಅರೆಗಳಿಗೆ ಕಣ್ಣುಮುಚ್ಚುತ್ತಾನೆ. ತೊಟ್ಟಿ ತುಂಬಿ ಗಾಳಿಕೊಳವೆಯಿಂದ ಎಣ್ಣೆ ಉಕ್ಕುತ್ತದೆ.

ನಿಯಮದ ಪ್ರಕಾರ ನಾವಿಕನಿಗೆ ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ವಾರಕ್ಕೆ 91 ಗಂಟೆಗಳವರೆಗೆ ದುಡಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ದಡದ ಮೇಲಿನ ಯಾವ ಕಾರ್ಖಾನೆಯಲ್ಲಿಯೂ ಇಂಥ ನಿಯಮವನ್ನು ಯಾರೂ ಒಪ್ಪಲಾರರು. ಈ ಸಡಿಲ ನಿಯಮವೂ ಪಾಲನೆಯಾಗುತ್ತಿಲ್ಲ. ವಿಶ್ರಾಂತಿಯ ದಾಖಲೆ ಪುಸ್ತಕದಲ್ಲಿ ಗಂಟೆಗಳನ್ನು ಹೊಂದಿಸಿ ಬರೆಯುವ ಪರಿಪಾಠ ಹಡಗುಗಳಲ್ಲಿ ವ್ಯಾಪಕವಾಗಿದೆ ಎಂದು ಸ್ವೀಡನ್ನಿನ ಮಾಲ್ಮೋದಲ್ಲಿರುವ ವಿಶ್ವ ಸಾಗರ ವಿಶ್ವವಿದ್ಯಾಲಯದ 2020ರ ಅಧ್ಯಯನ ತೋರಿಸಿತು. ತಪಾಸಣೆಗೆ ಬಂದವರಿಗೆ ಪುಸ್ತಕ ಸರಿಯಾಗಿ ಕಾಣುತ್ತದೆ, ಪುಸ್ತಕ ತುಂಬಿದವನ ಕಣ್ಣು ಕೆಂಪಾಗಿರುತ್ತದೆ.

ಕಳ್ಳ ಕೊಳವೆ ಮತ್ತು ಬಾಯಿಬಿಟ್ಟವನು

ಕಡಲಿಗೆ ಸೇರುವ ಎಣ್ಣೆಯೆಲ್ಲ ಅಪಘಾತದಿಂದ ಬಂದದ್ದಲ್ಲ. ಇಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ನೀರು ದಿನವೂ ಶೇಖರವಾಗುತ್ತದೆ. ಅದನ್ನು ಬೇರ್ಪಡಿಸುವ ಯಂತ್ರದ ಮೂಲಕ ಹಾಯಿಸಿ, ಹತ್ತು ಲಕ್ಷ ಪಾಲಿನಲ್ಲಿ 15 ಪಾಲಿಗಿಂತ ಹೆಚ್ಚು ಎಣ್ಣೆ ಇಲ್ಲದ ನೀರನ್ನು ಮಾತ್ರ ಹೊರಬಿಡಬೇಕು. ಉಳಿದ ಜಿಡ್ಡನ್ನು ಬಂದರಿನಲ್ಲಿ ಒಪ್ಪಿಸಬೇಕು. ಪ್ರತಿ ಹಂತವನ್ನೂ ಎಣ್ಣೆಯ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಯಂತ್ರದ ಶೋಧಕಗಳನ್ನು ಬದಲಿಸಲು, ಜಿಡ್ಡನ್ನು ಒಪ್ಪಿಸಲು ಹಣ ಬೇಕು. ಹಣ ಉಳಿಸಲು ಕೆಲವು ಹಡಗುಗಳಲ್ಲಿ ಯಂತ್ರವನ್ನು ತಪ್ಪಿಸಿ ನೇರವಾಗಿ ಕಡಲಿಗೆ ಬಿಡುವ ಒಂದು ಬಿಡಿ ಕೊಳವೆಯನ್ನು ಜೋಡಿಸಲಾಗುತ್ತದೆ. ಹಡಗಿನವರ ಬಾಯಲ್ಲಿ ಅದಕ್ಕೆ 'ಮ್ಯಾಜಿಕ್ ಪೈಪ್' ಎಂಬ ಹೆಸರು.

2013ರಲ್ಲಿ 'ಕೆರಿಬಿಯನ್ ಪ್ರಿನ್ಸೆಸ್' ಎಂಬ ಪ್ರವಾಸಿ ಹಡಗಿನಲ್ಲಿ ಹೊಸದಾಗಿ ಸೇರಿದ ಇಂಜಿನಿಯರೊಬ್ಬ ಇಂಥ ಕೊಳವೆಯನ್ನು ಕಂಡು ಬ್ರಿಟಿಷ್ ಅಧಿಕಾರಿಗಳಿಗೆ ತಿಳಿಸಿದ. ಇಂಗ್ಲೆಂಡಿನ ಬಂದರಿನಲ್ಲಿ ಅವನು ಹಡಗು ಬಿಟ್ಟು ಇಳಿದ. ಅಮೆರಿಕದಲ್ಲಿ ನಡೆದ ಮೊಕದ್ದಮೆಯಲ್ಲಿ ಕಂಪನಿ 2016ರಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. ಒಬ್ಬ ಕಿರಿಯ ಸಿಬ್ಬಂದಿಯ ಪ್ರಾಮಾಣಿಕತೆ ಮಾಡಿದ ಕೆಲಸವನ್ನು ಹತ್ತು ಗಸ್ತು ದೋಣಿಗಳು ಮಾಡಲಾರವು. ಆದರೆ ಇಂಥವನಿಗೆ ಮುಂದಿನ ಹಡಗಿನಲ್ಲಿ ಕೆಲಸ ಯಾರು ಕೊಡುತ್ತಾರೆ ಎಂಬ ಭಯ ಎಲ್ಲ ನಾವಿಕರಲ್ಲಿಯೂ ಇದೆ. ಕಾಡಿನಲ್ಲಿ ಕಳ್ಳಸಾಗಣೆಯ ಲಾರಿಯನ್ನು ತಡೆದ ವಾಚರನಿಗೆ ಮರುದಿನ ಆಗುವ ಸ್ಥಿತಿಯನ್ನು ಬಲ್ಲ ಮಲೆನಾಡಿನ ಜನರಿಗೆ ಈ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಾಯಿಬಿಡುವ ಅಭ್ಯಾಸವನ್ನೂ ಕಲಿಸಬೇಕಾಗುತ್ತದೆ. ಕ್ಯಾಪ್ಟನ್ ತಪ್ಪು ದಾರಿ ಹಿಡಿದಾಗ ಕಿರಿಯ ಅಧಿಕಾರಿ ಗೌರವದಿಂದಲೇ, ಆದರೆ ಸ್ಪಷ್ಟವಾಗಿ, ತಡೆದು ಹೇಳಬೇಕೆಂಬುದು ಮನಿಲಾ ತಿದ್ದುಪಡಿಯ ನಂತರದ ತರಬೇತಿಯಲ್ಲಿ ಕಡ್ಡಾಯ ಪಾಠ. ಹಿರಿಯರಿಗೆ ಎದುರಾಡಬಾರದು ಎಂಬ ಸಂಸ್ಕಾರದಲ್ಲಿ ಬೆಳೆದು ಬಂದ ಏಷ್ಯಾದ ನಾವಿಕರಿಗೆ ಈ ಪಾಠ ಉಳಿದೆಲ್ಲವುಗಳಿಗಿಂತ ಕಠಿಣ. ತೆರೆಯ ಮೇಲೆ ಕಡಲನ್ನು ಮೂಡಿಸುವ ಸಿಮ್ಯುಲೇಟರ್ ಕೋಣೆಗಳಲ್ಲಿ ಈ ಪಾಠವನ್ನು ಅಪಾಯವಿಲ್ಲದೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಬಹುದು. ಒಂದು ವಾರದ ತರಗತಿಯಲ್ಲಿ ಹಾಜರಿ ಹಾಕಿ ಪ್ರಮಾಣಪತ್ರ ಪಡೆದುಬರುವ ಪದ್ಧತಿಯಿಂದ ಅದು ಸಾಧ್ಯವಿಲ್ಲ.

ನಾವಿಕನ ಪ್ರಾಣದ ಸುರಕ್ಷೆಗೂ ಕಡಲಿನ ಸುರಕ್ಷೆಗೂ ನಡುವೆ ಗೆರೆ ಎಳೆಯಲಾಗದು. ಕಚ್ಚಾ ತೈಲದ ತೊಟ್ಟಿಯಲ್ಲಿ ಸ್ಫೋಟವಾಗದಂತೆ ಆಮ್ಲಜನಕವನ್ನು ಶೇಕಡಾ 8ಕ್ಕಿಂತ ಕೆಳಗೆ ಇಡಬೇಕು. ಅದೇ ತೊಟ್ಟಿಯೊಳಗೆ ಗಾಳಿಯನ್ನು ಪರೀಕ್ಷಿಸದೆ ಇಳಿದವನು ಉಸಿರುಗಟ್ಟಿ ಬೀಳುತ್ತಾನೆ. ಅವನನ್ನು ಎತ್ತಲು ಹೋದ ಗೆಳೆಯನೂ ಅಲ್ಲಿಯೇ ಬೀಳುತ್ತಾನೆ. ಇಂಥ ಸಾವುಗಳು ಪ್ರತಿವರ್ಷ ವರದಿಯಾಗುತ್ತಲೇ ಇವೆ. ತನ್ನ ಸಿಬ್ಬಂದಿಯ ಉಸಿರನ್ನು ಕಾಯದ ಹಡಗು ಮೀನಿನ ಉಸಿರನ್ನು ಕಾಯುವುದೆಂದು ನಂಬುವುದು ಕಷ್ಟ.

ಸೆರೆಮನೆಯ ಬಾಗಿಲು

2007ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಕಡಲಿನಲ್ಲಿ ಲಂಗರು ಹಾಕಿ ನಿಂತಿದ್ದ 'ಹೆಬೀ ಸ್ಪಿರಿಟ್' ಎಂಬ ಟ್ಯಾಂಕರಿಗೆ, ಎಳೆಯುವ ಹಗ್ಗ ತುಂಡಾಗಿ ತೇಲಿಬಂದ ಕ್ರೇನಿನ ದೋಣಿಯೊಂದು ಬಡಿದು ಹತ್ತು ಸಾವಿರ ಟನ್ನಿಗೂ ಹೆಚ್ಚು ತೈಲ ಚೆಲ್ಲಿತು. ನಿಂತ ಹಡಗಿನ ಕ್ಯಾಪ್ಟನ್ ಹಾಗೂ ಮುಖ್ಯ ಅಧಿಕಾರಿ ಇಬ್ಬರೂ ಭಾರತೀಯರು. ಕೆಳಗಿನ ನ್ಯಾಯಾಲಯ ಅವರನ್ನು ನಿರ್ದೋಷಿಗಳೆಂದಿತು. ಮೇಲ್ಮನವಿಯ ನ್ಯಾಯಾಲಯ ಸೆರೆಮನೆಗೆ ಕಳುಹಿಸಿತು. ಸರ್ವೋಚ್ಚ ನ್ಯಾಯಾಲಯ ಸೆರೆವಾಸವನ್ನು ರದ್ದುಪಡಿಸಿದ ನಂತರ 2009ರ ಜೂನಿನಲ್ಲಿ, ಒಂದೂವರೆ ವರ್ಷ ಕಳೆದ ಮೇಲೆ, ಅವರು ಮನೆಗೆ ಮರಳಿದರು.

ಮಾಲಿನ್ಯಕ್ಕೆ ಕಠಿಣ ಶಿಕ್ಷೆಯಾಗಬೇಕೆಂಬುದು ಪರಿಸರ ಚಳವಳಿಯ ಸಹಜ ಬೇಡಿಕೆ. ಅದು ಯಾರಿಗೆ ಆಗಬೇಕು ಎಂಬುದನ್ನು ಚಳವಳಿ ಯೋಚಿಸಬೇಕು. ಹಡಗಿನ ಮಾಲೀಕ ಒಂದು ದೇಶದವನು, ಧ್ವಜ ಇನ್ನೊಂದು ದೇಶದ್ದು, ಸಿಬ್ಬಂದಿಯನ್ನು ಒದಗಿಸುವ ಏಜೆನ್ಸಿ ಮೂರನೆಯ ದೇಶದಲ್ಲಿ, ವಿಮೆ ನಾಲ್ಕನೆಯದರಲ್ಲಿ. ಎಣ್ಣೆ ಚೆಲ್ಲಿದಾಗ ಕೈಗೆ ಸಿಗುವವನು ಡೆಕ್ಕಿನ ಮೇಲೆ ನಿಂತ ನಾವಿಕನೊಬ್ಬನೇ. ಸೆರೆಯ ಭಯ ಹೆಚ್ಚಿದಷ್ಟೂ ಅವನು ತಪ್ಪನ್ನು ಮುಚ್ಚಿಡುತ್ತಾನೆ, ಕೋಸ್ಟ್ ಗಾರ್ಡಿಗೆ ತಡವಾಗಿ ತಿಳಿಸುತ್ತಾನೆ. ಎಣ್ಣೆಯ ವಿಷಯದಲ್ಲಿ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಬೇಕೆಂದೇ ಕಳ್ಳ ಕೊಳವೆ ಜೋಡಿಸಿದವನಿಗೂ, ಮೂವತ್ತು ಗಂಟೆ ನಿದ್ರಿಸದೆ ಎಡವಿದವನಿಗೂ ಒಂದೇ ಅಳತೆ ಸಲ್ಲದು. ಅವನನ್ನು ನಿದ್ರಿಸಗೊಡದ ಕಂಪನಿಯ ಕಡತವನ್ನು ತೆರೆಯದೆ ಮುಗಿಯುವ ತನಿಖೆ ಪೂರ್ಣ ತನಿಖೆಯಲ್ಲ.

ಜಗತ್ತಿನ ನಾವಿಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಭಾರತೀಯ. ಮಾಲೀಕರು ಸಂಬಳ ಕೊಡದೆ, ಆಹಾರ ಒದಗಿಸದೆ ಹಡಗಿನ ಸಮೇತ ಕೈಬಿಟ್ಟ ನಾವಿಕರ ಸಂಖ್ಯೆ 2024ರಲ್ಲಿ ಮೂರು ಸಾವಿರ ದಾಟಿತ್ತು. ಅವರಲ್ಲಿ ಭಾರತೀಯರದೇ ಅತಿ ದೊಡ್ಡ ಪಾಲು. ಸಂಬಳ ನಿಂತ ಹಡಗಿನಲ್ಲಿ ಯಂತ್ರಗಳ ದುರಸ್ತಿಯೂ ನಿಲ್ಲುತ್ತದೆ. ಕೈಬಿಟ್ಟ ಹಡಗು ಎಂದರೆ ಮುಂದೆ ಚೆಲ್ಲಲಿರುವ ಎಣ್ಣೆ ಎಂದೇ ತಿಳಿಯಬೇಕು.

ಮಾಡಬಹುದಾದ ಕೆಲಸಗಳು

ಘಟ್ಟದ ಮೇಲಿನ ಸಂಘಟನೆಯೊಂದು ಇದರಲ್ಲಿ ಮಾಡುವುದೇನು? ಕೈಗಾ ಯೋಜನೆ, ಬೇಡ್ತಿ ಯೋಜನೆಗಳ ಕಾಲದಿಂದಲೂ ಕಡತ ಕೇಳುವ, ಅಂಕಿ ಪರಿಶೀಲಿಸುವ, ಪ್ರಶ್ನೆ ಎತ್ತುವ ಅಭ್ಯಾಸ ಉತ್ತರ ಕನ್ನಡದ ಜನರಿಗಿದೆ. ಅದೇ ಅಭ್ಯಾಸವನ್ನು ಬಂದರಿನ ಬಾಗಿಲಿಗೂ ಒಯ್ಯಬಹುದು.

ಮೊದಲನೆಯದು ಬಂದರಿನ ಸ್ವೀಕಾರ ವ್ಯವಸ್ಥೆ. ಹಡಗು ಒಪ್ಪಿಸುವ ಎಣ್ಣೆಯ ಜಿಡ್ಡನ್ನು ಪಡೆದುಕೊಳ್ಳುವ ಸೌಲಭ್ಯ ಕಲ್ಪಿಸುವುದು ಮಾರ್ಪೋಲ್ ಒಪ್ಪಂದದ ಪ್ರಕಾರ ದಡದ ದೇಶದ ಹೊಣೆ. ಭಾರತ ಅದಕ್ಕೆ ಬದ್ಧವಾಗಿದೆ. ಜಿಡ್ಡನ್ನು ಸುಲಭವಾಗಿ, ಕಡಿಮೆ ಖರ್ಚಿನಲ್ಲಿ ಒಪ್ಪಿಸಲು ಬಂದರಿನಲ್ಲಿ ಅವಕಾಶವಿಲ್ಲದಿದ್ದರೆ ಅದು ರಾತ್ರಿಯ ಕತ್ತಲಲ್ಲಿ ಕಡಲಿಗೆ ಸೇರುತ್ತದೆ. ಯಾವ ಬಂದರಿನಲ್ಲಿ ಏನಿದೆ, ವರ್ಷಕ್ಕೆ ಎಷ್ಟು ಜಿಡ್ಡು ಸ್ವೀಕೃತವಾಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಎರಡನೆಯದು ತಪಾಸಣೆ. ವಿದೇಶಿ ಧ್ವಜದ ಹಡಗನ್ನು ತಪಾಸಣೆ ಮಾಡಿ, ದೋಷವಿದ್ದರೆ ತಡೆಹಿಡಿಯುವ ಅಧಿಕಾರ ಬಂದರಿನ ದೇಶಕ್ಕಿದೆ. ತಪಾಸಣೆಯಲ್ಲಿ ಬೆಂಕಿ ಆರಿಸುವ ಸಾಧನ, ಜೀವರಕ್ಷಕ ದೋಣಿಗಳಿಗೆ ಸಿಗುವ ಗಮನ ವಿಶ್ರಾಂತಿಯ ದಾಖಲೆಗೂ ಸಿಗಬೇಕು. ಆ ಪುಸ್ತಕವನ್ನು ಇಂಧನ ತುಂಬಿದ ವೇಳೆ, ಲಂಗರು ಎತ್ತಿದ ವೇಳೆಗಳ ಜೊತೆ ಹೋಲಿಸಿ ನೋಡಿದರೆ ಸುಳ್ಳು ತಾನಾಗಿ ಹೊರಬರುತ್ತದೆ.

ಮೂರನೆಯದು ಮನೆಯ ಅಂಗಳದ ಕೆಲಸ. ಮಲ್ಪೆ, ತದಡಿ, ಕಾರವಾರದ ಮೀನುಗಾರಿಕಾ ಬಂದರುಗಳಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪದರ ಕಂಡವರಿದ್ದಾರೆ. ಅದು ವಿದೇಶಿ ಟ್ಯಾಂಕರಿನಿಂದ ಬಂದದ್ದಲ್ಲ. ದೋಣಿಗಳ ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆ, ದೋಣಿಯ ತಳದಿಂದ ಪಂಪು ಮಾಡಿದ ಜಿಡ್ಡುನೀರು. ದೋಣಿಯ ತಾಂಡೇಲನಿಗೆ ಇದರ ಪಾಠವನ್ನು ಯಾರೂ ಹೇಳಿಕೊಟ್ಟಿಲ್ಲ, ಹಳೆಯ ಎಣ್ಣೆಯನ್ನು ಹಾಕಲು ಡ್ರಮ್ಮನ್ನೂ ಇಟ್ಟಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ದೋಣಿಗಳು ದಡದಲ್ಲಿರುತ್ತವೆ, ಜನರೂ ಮನೆಯಲ್ಲಿರುತ್ತಾರೆ. ಜೀವರಕ್ಷಣೆ, ಬೆಂಕಿ, ಎಣ್ಣೆಯ ನಿರ್ವಹಣೆ ಈ ಮೂರನ್ನು ಕನ್ನಡದಲ್ಲಿ, ತುಳು ಕೊಂಕಣಿಗಳಲ್ಲಿ ಕಲಿಸುವ ಶಿಬಿರಗಳಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಂದರಿನ ಮೂಲೆಯಲ್ಲಿ ಹಳೆಯ ಎಣ್ಣೆಯ ಡ್ರಮ್ಮುಗಳನ್ನು ಇಟ್ಟು, ಅದನ್ನು ಶುದ್ಧೀಕರಿಸುವವರಿಗೆ ಮಾರಿದರೆ ಬಂದ ಹಣ ಮೀನುಗಾರರ ಸಂಘಕ್ಕೇ ಸೇರಲಿ.

ನಾಲ್ಕನೆಯದು ದಡದ ಸಿದ್ಧತೆ. ಭಾರತದಲ್ಲಿ 1996ರಿಂದ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆ ಇದೆ. ಕಡಲಿನಲ್ಲಿ ಅದರ ಹೊಣೆ ಕೋಸ್ಟ್ ಗಾರ್ಡಿನದು, ದಡದ ಮೇಲೆ ಸ್ಥಳೀಯ ಆಡಳಿತದ್ದು. ಅಳಿವೆಯ ಬಾಯಿಗೆ ಎಣ್ಣೆ ತಡೆಯುವ ತೇಲು ಬೇಲಿಯನ್ನು ಯಾರು, ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ತರುತ್ತಾರೆ ಎಂಬುದು ಅಳಿವೆಯ ಪಂಚಾಯಿತಿಗೆ ತಿಳಿದಿರಬೇಕು. ಕಾಂಡ್ಲಾ ಕಾಡಿನೊಳಗೆ ಎಣ್ಣೆ ಹೊಕ್ಕ ಮೇಲೆ ಅದನ್ನು ತೆಗೆಯಲು ಹೋದವರ ಕಾಲ್ತುಳಿತವೇ ಗಿಡಗಳಿಗೆ ಮತ್ತಷ್ಟು ಹಾನಿ ಮಾಡುತ್ತದೆ. ಆದ್ದರಿಂದ ಬಾಗಿಲಲ್ಲಿಯೇ ತಡೆಯಬೇಕು.

ಐದನೆಯದು ನಾವಿಕರೊಡನೆ ಸ್ನೇಹ. ಕರಾವಳಿಯ ಎಷ್ಟೋ ಮನೆಗಳಿಂದ ಯುವಕರು ಹಡಗಿನ ಕೆಲಸಕ್ಕೆ ಹೋಗಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರನ್ನು ಸಭೆಗಳಿಗೆ ಕರೆದು ಮಾತನಾಡಿಸಬೇಕು. ಹಡಗಿನ ಒಳಗೆ ನಡೆಯುವುದೇನೆಂದು ಪರಿಸರ ಕಾರ್ಯಕರ್ತರಿಗೆ ಅವರೇ ಹೇಳಬಲ್ಲರು. ಅಳಿವೆಯಲ್ಲಿ ಆಗುವುದೇನೆಂದು ಅವರಿಗೆ ತೋರಿಸುವುದು ಕಾರ್ಯಕರ್ತರ ಕೆಲಸ. ಹಡಗಿನಿಂದಲೇ ಮನೆಗೆ ಮಾತನಾಡುವ ಸೌಲಭ್ಯ ಒದಗಿಸಬೇಕೆಂಬ ತಿದ್ದುಪಡಿ ಕಡಲ ಕಾರ್ಮಿಕ ಒಪ್ಪಂದಕ್ಕೆ 2022ರಲ್ಲಿ ಸೇರಿ, 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದಿದೆ. ನಾವಿಕ ತಾಯಿಯೊಡನೆ ಮಾತನಾಡಬೇಕೆಂದರೆ ಇನ್ನು ಮುಂದೆ ಹಡಗನ್ನು ದಡಕ್ಕೆ ತರಬೇಕಾಗಬಾರದು. ಈ ಸಣ್ಣ ಹಕ್ಕು ಕೂಡ ಹವಳದ ದಿಬ್ಬಗಳನ್ನು ಕಾಯುವ ಕಾನೂನೇ ಆಗಿದೆ.

ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಬೆಂಕಿರೇಖೆ ಸವರುವ ಕೆಲಸ ಮಲೆನಾಡಿಗೆ ಹೊಸದಲ್ಲ. ಆ ಕೆಲಸ ಸುದ್ದಿಯಾಗುವುದಿಲ್ಲ, ಏಕೆಂದರೆ ಅದು ಸರಿಯಾಗಿ ನಡೆದ ವರ್ಷ ಬೆಂಕಿಯೇ ಬೀಳುವುದಿಲ್ಲ. ಕಡಲಿನಲ್ಲಿ ಆ ಕೆಲಸ ಮಾಡುತ್ತಿರುವವರು ಡೆಕ್ಕಿನ ತೂತುಗಳನ್ನು ಮುಚ್ಚುವ ಖಲಾಸಿ, ತೊಟ್ಟಿಯನ್ನು ಅಳೆಯುವ ಇಂಜಿನಿಯರ್, ರಾತ್ರಿಯ ಪಹರೆಯಲ್ಲಿ ಎಚ್ಚರವಿರುವ ಅಧಿಕಾರಿ. ಅವರಿಗೆ ಕಲಿಕೆಯನ್ನೂ ನಿದ್ದೆಯನ್ನೂ ರಕ್ಷಣೆಯನ್ನೂ ಕೊಡಿ ಎಂದು ಘಟ್ಟದ ಮೇಲಿನ ಜನ ಕೇಳಿದರೆ, ಅದು ತಮ್ಮ ಹೊಳೆಯ ಕೊನೆಯ ಮೈಲಿಗಾಗಿ ಕೇಳಿದಂತೆಯೇ.